ನಕ್ಷೆಯಲ್ಲಿ ಹುಟ್ಟಿದ ರಾಜಧಾನಿಗಳು, ನಕ್ಷೆಯ ಹೊರಗುಳಿದ ಜನ

ಸಭಿಕರೇ,

ರಾಜಧಾನಿಗೆಂದೇ ಕಟ್ಟಿದ ನಗರಗಳ ಚರ್ಚೆ ಸಾಮಾನ್ಯವಾಗಿ ವಾಸ್ತುಶಿಲ್ಪದಿಂದ ಆರಂಭವಾಗುತ್ತದೆ. ನಾನು ಜಾಗದ ಆಯ್ಕೆಯಿಂದ ಆರಂಭಿಸುತ್ತೇನೆ, ಏಕೆಂದರೆ ಇವುಗಳಲ್ಲಿ ಹಲವು ನಗರಗಳ ಮೂಲದಲ್ಲಿ ಒಂದು ರಾಜಕೀಯ ಜಗಳವಿದೆ. ರಾಜ್ಯಗಳ ಯುದ್ಧಸಾಲವನ್ನು ಒಕ್ಕೂಟವೇ ಹೊರಬೇಕೆಂಬ ಒಂದು ಬಣದ ಬೇಡಿಕೆಗೂ ರಾಜಧಾನಿ ದಕ್ಷಿಣಕ್ಕೆ ಹತ್ತಿರವಿರಬೇಕೆಂಬ ಇನ್ನೊಂದು ಬಣದ ಹಟಕ್ಕೂ 1790ರಲ್ಲಿ ರಾಜಿಯಾದಾಗ ಅಮೆರಿಕಕ್ಕೆ ಪೊಟೋಮ್ಯಾಕ್ ನದಿಯ ದಡ ದೊರೆಯಿತು. ಆಸ್ಟ್ರೇಲಿಯದ ಸಂವಿಧಾನವಂತೂ ರಾಜಧಾನಿ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿರಬೇಕು, ಆದರೆ ಸಿಡ್ನಿಯಿಂದ ಕನಿಷ್ಠ 100 ಮೈಲಿ ದೂರವಿರಬೇಕು, ಅಲ್ಲಿಯವರೆಗೆ ಸಂಸತ್ತು ಮೆಲ್ಬರ್ನ್‌ನಲ್ಲಿ ಸೇರಬೇಕು ಎಂದು ವಿಧಿಸಿ ಎರಡೂ ನಗರಗಳನ್ನು ಸಮಾಧಾನಪಡಿಸಿತು. ನೈಜೀರಿಯ 1976ರಲ್ಲಿ ಅಬುಜಾವನ್ನು ಆರಿಸಿದ್ದು, ಹೌಸಾ, ಯೊರುಬಾ, ಇಗ್ಬೊ ಎಂಬ ಮೂರು ದೊಡ್ಡ ಸಮುದಾಯಗಳಲ್ಲಿ ಯಾವುದೂ ಅದನ್ನು ತನ್ನದೆನ್ನಲಾರದು ಎಂಬ ಕಾರಣಕ್ಕೆ. ಆದರೆ ಆ ನೆಲ ಖಾಲಿಯಿರಲಿಲ್ಲ; ಗ್ಬಾಗ್ಯಿ ಜನ ಅಲ್ಲಿ ಮೊದಲಿನಿಂದಲೂ ಬದುಕಿದ್ದರು, ನಗರಕ್ಕಾಗಿ ಅವರಲ್ಲಿ ಅನೇಕರು ಊರು ಬಿಡಬೇಕಾಯಿತು.

ನೆಲದಲ್ಲಿದ್ದವರನ್ನು ಮರೆತಂತೆಯೇ ನಗರ ಕಟ್ಟುವವರನ್ನೂ ನಕ್ಷೆ ಮರೆಯುತ್ತದೆ. ಬ್ರೆಸಿಲಿಯಾದಷ್ಟು ಇದನ್ನು ನಿಚ್ಚಳವಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಕಾಣದು. ದೇಶದ ಒಳನಾಡಿನಲ್ಲಿ ರಾಜಧಾನಿಗಾಗಿ ನೆಲ ಕಾದಿರಿಸಬೇಕೆಂದು ಬ್ರೆಜಿಲ್ 1891ರ ಸಂವಿಧಾನದಲ್ಲೇ ಬರೆದುಕೊಂಡಿತ್ತು; ಅಧ್ಯಕ್ಷ ಕುಬಿಚೆಕ್ ತಮ್ಮ ಅವಧಿ ಮುಗಿಯುವುದರೊಳಗೆ ಅದನ್ನು ಕಟ್ಟಿ ಮುಗಿಸಲು ಹೊರಟರು. ಲೂಸಿಯೊ ಕೋಸ್ಟಾ ಅವರ ನಕ್ಷೆ 1957ರಲ್ಲಿ ಆಯ್ಕೆಯಾಯಿತು, 1960ರ ಏಪ್ರಿಲ್ 21ರಂದು ಉದ್ಘಾಟನೆ ನಡೆಯಿತು. ಈ ಅವಸರದ ಕೆಲಸಕ್ಕೆ ಈಶಾನ್ಯದ ಬಡ ಪ್ರದೇಶಗಳಿಂದಲೂ ಇತರೆಡೆಗಳಿಂದಲೂ ಬಂದ ಸಾವಿರಾರು ಕೂಲಿಕಾರರಿಗೆ ನಕ್ಷೆಯಲ್ಲಿ ಮನೆಯಿರಲಿಲ್ಲ. ಅವರೂ ವ್ಯಾಪಾರಿಗಳೂ ನೆಲೆಸಿದ್ದ, ‘ಸ್ವತಂತ್ರ ನಗರ’ವೆಂದು ಕರೆಯಲಾಗುತ್ತಿದ್ದ ಮರದ ಮನೆಗಳ ವಸತಿಯನ್ನು ಉದ್ಘಾಟನೆಯ ನಂತರ ಕೆಡವುವುದೆಂದು ಮೊದಲೇ ತೀರ್ಮಾನವಾಗಿತ್ತು, ನಿವಾಸಿಗಳು ಹೋರಾಡಿ 1961ರಲ್ಲಿ ಅದನ್ನು ಕಾಯಂ ಮಾಡಿಸಿಕೊಂಡರು. ತಗುವಾಚಿಂಗಾ ಎಂಬ ಉಪನಗರವನ್ನು ಸರ್ಕಾರವೇ 1958ರಲ್ಲಿ ಸ್ಥಾಪಿಸಬೇಕಾಯಿತು, ಎಂದರೆ ರಾಜಧಾನಿ ಉದ್ಘಾಟನೆಯಾಗುವ ಮೊದಲೇ ಅದರ ಉಪನಗರ ಸಿದ್ಧವಾಗಿತ್ತು! ಐದು ಲಕ್ಷ ಜನರಿಗೆಂದು ಯೋಜಿಸಿದ ಆ ನಗರವನ್ನು ಒಳಗೊಂಡ ಒಕ್ಕೂಟ ಜಿಲ್ಲೆಯಲ್ಲಿ 2022ರ ಗಣತಿಯ ಹೊತ್ತಿಗೆ 28 ಲಕ್ಷ ಜನರಿದ್ದರು, ಬಹುಪಾಲು ಮೂಲ ನಕ್ಷೆಯ ಹೊರಗೆ. ಇದನ್ನು ಯೋಜನೆ ಹಳಿತಪ್ಪಿದ ಕಥೆಯಾಗಿ ಹೇಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅಧಿಕಾರಿಗಳನ್ನು ಒಳಗೂ ದುಡಿಯುವವರನ್ನು ಹೊರಗೂ ಇಡುವುದು ಆ ಯೋಜನೆಯ ಸಹಜ ಫಲವೇ ಆಗಿತ್ತು.

ಕ್ಯಾನ್‌ಬೆರಾ ಇದಕ್ಕೆ ವಿರುದ್ಧವಾಗಿ ಬಹಳ ನಿಧಾನವಾಗಿ ಬೆಳೆಯಿತು. ಗ್ರಿಫಿನ್ ದಂಪತಿಯ ವಿನ್ಯಾಸ 1912ರಲ್ಲಿ ಗೆದ್ದರೂ ಸಂಸತ್ತು ಅಲ್ಲಿಗೆ ಬಂದದ್ದು 1927ರಲ್ಲಿ, ನಕ್ಷೆಯ ನಡುವಿನ ಕೆರೆ ತುಂಬಿದ್ದು 1964ರಲ್ಲಿ.

ಭೌತಿಕವಾಗಿ ಒಳಗಿದ್ದೂ ಹೊರಗುಳಿಯುವುದು ಸಾಧ್ಯವೆಂಬುದಕ್ಕೆ ವಾಷಿಂಗ್ಟನ್ ಸಾಕ್ಷಿ. ರಾಜಧಾನಿ ಯಾವ ರಾಜ್ಯಕ್ಕೂ ಸೇರಬಾರದೆಂಬ ತತ್ತ್ವದಿಂದಾಗಿ ಅಲ್ಲಿನ ನಿವಾಸಿಗಳು ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕಲು 1961ರ ಸಂವಿಧಾನ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಸೆನೆಟ್‌ನಲ್ಲಿ ಅವರಿಗೆ ಇಂದಿಗೂ ಸದಸ್ಯರಿಲ್ಲ. ಕೆಳಮನೆಗೆ ಅವರು ಕಳಿಸುವ ಪ್ರತಿನಿಧಿ ಅಲ್ಲಿ ಮಾತನಾಡಬಹುದು, ಮಸೂದೆಯ ಅಂತಿಮ ಮತದಾನದಲ್ಲಿ ಭಾಗವಹಿಸುವಂತಿಲ್ಲ.