ಅಟ್ಟದಿಂದ ಇಳಿದ ಕಂಪ್ಯೂಟರ್

ಕೇಳುಗರಿಗೆ ನಮಸ್ಕಾರ.

ಕೊಡಗಿನ ಹಳೆಯ ಮನೆಗಳ ಅಟ್ಟ ಹತ್ತಿದವರಿಗೆ ಅಲ್ಲಿ ಏನೇನಿರುತ್ತದೆಂದು ಗೊತ್ತು. ಕಾಲು ಮುರಿದ ಕುರ್ಚಿ, ತಳ ತೂತಾದ ತಾಮ್ರದ ಹಂಡೆ, ಗೋಣಿಚೀಲದ ಕಂತೆ, ಎಂದೋ ಮಾತು ನಿಲ್ಲಿಸಿದ ವಾಲ್ವ್ ರೇಡಿಯೋ. ಸುಂಟಿಕೊಪ್ಪದ ಕಡೆ ಒಂದು ಕಾಫಿ ತೋಟದಲ್ಲಿ ಬಹುಕಾಲ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದ ನನ್ನ ಸೋದರಮಾವನ ಅಟ್ಟದಲ್ಲಿ ಇವುಗಳ ಜೊತೆಗೆ ಒಂದು ಕಂಪ್ಯೂಟರ್ ಇತ್ತು. ತೋಟದ ಕಚೇರಿಗೆ ಹೊಸ ಯಂತ್ರ ಬಂದಾಗ ಹಳೆಯದನ್ನು ಗುಜರಿಗೆ ಹಾಕಲು ಮನಸ್ಸೊಪ್ಪದೆ ಮಾವ ಅದನ್ನು ಜೀಪಿನಲ್ಲಿ ಮನೆಗೆ ತಂದು, ಹಳೆಯ ಕಂಬಳಿ ಹೊದಿಸಿ ಇಟ್ಟಿದ್ದರು. ಆ ಕಂಬಳಿ ಮಳೆಗಾಲದ ತೇವವನ್ನೆಲ್ಲ ಹೀರಿ ಯಂತ್ರಕ್ಕೆ ಉಣಿಸುತ್ತಿತ್ತೆಂದು ಅವರಿಗಾಗಲಿ ನನಗಾಗಲಿ ಆಗ ಹೊಳೆದಿರಲಿಲ್ಲ.

ಅದು ಐಬಿಎಂ ಕಂಪನಿಯ ಪಿಸಿ ಎಕ್ಸ್‌ಟಿ ಮಾದರಿಯನ್ನು ಅನುಸರಿಸಿ ನಮ್ಮ ದೇಶದಲ್ಲೇ ಜೋಡಿಸಿದ ಯಂತ್ರ. ಐಬಿಎಂ ತನ್ನ ಮೊದಲ ಪಿಸಿಯನ್ನು 1981ರ ಆಗಸ್ಟಿನಲ್ಲಿಯೂ ಎಕ್ಸ್‌ಟಿಯನ್ನು 1983ರಲ್ಲಿಯೂ ಹೊರತಂದಿತು. ಆ ಹೊತ್ತಿಗೆ ಐಬಿಎಂ ಭಾರತದಲ್ಲಿ ಇರಲಿಲ್ಲ, 1978ರಲ್ಲೇ ಇಲ್ಲಿಂದ ಹೊರನಡೆದಿತ್ತು. 1984ರ ಕಂಪ್ಯೂಟರ್ ನೀತಿಯಿಂದ ಆಮದಿನ ಬಿಗಿ ಸಡಿಲವಾದ ಮೇಲೆ ಹೊರಗಿನ ಚಿಪ್‌ಗಳನ್ನು ತರಿಸಿ ಇಲ್ಲಿಯೇ ಯಂತ್ರ ಕಟ್ಟುವ ಕೆಲಸ ಭರದಿಂದ ನಡೆಯಿತು. ಐಬಿಎಂ ತನ್ನ ಪಿಸಿಗೆ ಅಂಗಡಿಯಲ್ಲಿ ಯಾರಿಗೂ ದೊರೆಯುವ ಚಿಪ್‌ಗಳನ್ನೇ ಹೆಚ್ಚಾಗಿ ಬಳಸಿದ್ದಲ್ಲದೆ, ಅದರ ವಿದ್ಯುತ್ ನಕ್ಷೆಗಳನ್ನು ತಾಂತ್ರಿಕ ಕೈಪಿಡಿಯಲ್ಲಿ ಅಚ್ಚು ಹಾಕಿಸಿತ್ತು. ಇಂದು ಅಂಥ ಯಂತ್ರವೊಂದನ್ನು ಮಡಿಕೇರಿಯಲ್ಲಿ ಕುಳಿತು ಬಿಚ್ಚಿದರೂ, ಚಿಪ್ಪಿನ ಯಾವ ಕಾಲಿನಲ್ಲಿ ಯಾವ ವೋಲ್ಟೇಜ್ ಇರಬೇಕೆಂದು ಕಾಗದ ನೋಡಿ ಹೇಳಲು ಸಾಧ್ಯವಾಗುವುದು ಇದರಿಂದಲೇ.

ಇಷ್ಟೆಲ್ಲ ತಿಳಿದಿದ್ದೂ ನಾನು ಮಾಡಿದ ಮೊದಲ ಕೆಲಸ ತಪ್ಪು ಕೆಲಸ. ಅಟ್ಟದಿಂದ ಇಳಿಸಿದ ಸಂಜೆಯೇ, ಮೇಲಿನ ಧೂಳು ಒರೆಸಿ, ಪ್ಲಗ್ ಚುಚ್ಚಿ ಸ್ವಿಚ್ ಹಾಕಿದೆ. ಫ್ಯಾನ್ ಒಂದು ಸುತ್ತು ತಿರುಗಿತು. ನಂತರ ಪಟಾಕಿಯಂಥ ಒಂದು ಸದ್ದಾಗಿ, ಹಿಂಬದಿಯಿಂದ ಬಿಳಿ ಹೊಗೆ ಸುರುಳಿಯಾಗಿ ಹೊರಟಿತು. ಮೀನು ಕರಟಿದಂಥ ಆ ವಾಸನೆ ಎರಡು ದಿನ ಕೋಣೆ ಬಿಡಲಿಲ್ಲ. ಅತ್ತೆ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಇನ್ನು ಇದನ್ನು ಜಗಲಿಯ ಆಚೆಗೇ ಇಟ್ಟುಕೊಳ್ಳಬೇಕೆಂದು ಕಟ್ಟುನಿಟ್ಟಾಗಿ ಹೇಳಿದರು.

ಸಿಡಿದದ್ದು ಪವರ್ ಸಪ್ಲೈ ಪೆಟ್ಟಿಗೆಯ ಬಾಯಲ್ಲೇ ಇದ್ದು ವಿದ್ಯುತ್ತಿನ ಗದ್ದಲವನ್ನು ಸೋಸುವ ಒಂದು ಬಿಡಿಭಾಗ, ಫಿಲ್ಟರ್ ಕೆಪಾಸಿಟರ್. ಆ ಕಾಲದ ಅನೇಕ ಯಂತ್ರಗಳಲ್ಲಿ ಇದನ್ನು ಲೋಹ ಲೇಪಿಸಿದ ಕಾಗದವನ್ನು ಸುತ್ತಿ, ಮೇಲೆ ಅರೆಪಾರದರ್ಶಕ ರಾಳದ ಅಚ್ಚು ಹೊಯ್ದು ಮಾಡುತ್ತಿದ್ದರು. ವರ್ಷಗಳು ಕಳೆದಂತೆ ರಾಳದಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ, ಬಿರುಕಿನಿಂದ ತೇವ ಒಳಗೆ ಇಳಿದು ಕಾಗದವನ್ನು ಸೇರುತ್ತದೆ, ಮುಂದೆ ಎಂದಾದರೂ 230 ವೋಲ್ಟ್ ಹರಿದ ಕೂಡಲೇ ಅದು ಹೊಗೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಜಿಲ್ಲೆಯಲ್ಲಿ ಇದು ಬಯಲುಸೀಮೆಗಿಂತ ಬೇಗ ಹಣ್ಣಾದರೆ ಆಶ್ಚರ್ಯವಿಲ್ಲ. ಪುಣ್ಯಕ್ಕೆ ಬದಲಿ ಸಿಗುವುದು ಕಷ್ಟವಲ್ಲ: 0.1 ಮೈಕ್ರೋಫ್ಯಾರಡ್, 275 ವೋಲ್ಟ್ ಎ.ಸಿ., ಎಕ್ಸ್2 ಎಂದು ಬರೆದಿರುವ ಪ್ಲಾಸ್ಟಿಕ್ ಫಿಲ್ಮ್ ಕೆಪಾಸಿಟರ್. ಆದರೆ ಬರಿದೇ ಕೆಪಾಸಿಟರ್ ಎಂದು ಕೇಳಿದರೆ ನಮ್ಮೂರ ವಿದ್ಯುತ್ ಅಂಗಡಿಯಲ್ಲಿ ಕೈಗೆ ಬರುವುದು ಸೀಲಿಂಗ್ ಫ್ಯಾನಿನ 2.5 ಮೈಕ್ರೋಫ್ಯಾರಡಿನ ಡಬ್ಬಿ. ಸುಟ್ಟ ತುಂಡನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ, ಅದರ ಮೇಲಿನ ಬರಹವನ್ನು ತೋರಿಸಿ ಕೇಳುವುದು ಲೇಸು.

ಆ ಸದ್ದಾದ ಮೇಲೆ ನಾನು ಯಂತ್ರವನ್ನು ಪೂರ್ತಿ ಬಿಚ್ಚಿ, ಎರಡು ವಾರ ಒಣ ಬಿಸಿಲಿನ ಕೋಣೆಯಲ್ಲಿ ಹರಡಿಟ್ಟೆ. ಒಲೆಯ ಮೇಲಿನ ಅಟ್ಟಣಿಗೆಯಲ್ಲಿ ಇಟ್ಟರೆ ಬೇಗ ಒಣಗುತ್ತದೆಂದು ಮಾವ ಸೂಚಿಸಿದರು. ಮೆಣಸಿಗೆ, ಒಣಗಿಸಿದ ಮಾಂಸಕ್ಕೆ ಒಗ್ಗುವ ಹೊಗೆ ಸರ್ಕ್ಯೂಟ್ ಹಲಗೆಗೆ ಒಗ್ಗುವುದಿಲ್ಲ, ಅದರ ಜಿಡ್ಡು ಕನೆಕ್ಟರುಗಳ ಮೇಲೆ ಕೂರುತ್ತದೆ. ಬಿಚ್ಚಿದಾಗ ಕಂಡ ಇನ್ನೊಂದು ಅನಾಹುತ ಗಡಿಯಾರದ ಕಾರ್ಡಿನದು. ಎಕ್ಸ್‌ಟಿಯ ಮದರ್‌ಬೋರ್ಡಿನಲ್ಲಿ ಬ್ಯಾಟರಿ ಇರುವುದಿಲ್ಲ, ಆದರೆ ದಿನಾಂಕ ನೆನಪಿಡಲೆಂದು ಹಾಕಿದ ಹೆಚ್ಚುವರಿ ಕಾರ್ಡಿನಲ್ಲಿ 3.6 ವೋಲ್ಟಿನ ನಿಕೆಲ್ ಕ್ಯಾಡ್ಮಿಯಂ ಬ್ಯಾಟರಿಯೊಂದನ್ನು ಬೆಸೆದಿದ್ದರು. ಅದು ಸೋರಿ, ಸುತ್ತಲಿನ ತಾಮ್ರದ ಗೆರೆಗಳು ಹಸಿರು ಕಿಲುಬು ಹಿಡಿದಿದ್ದವು. ಸೋರಿದ್ದು ಕ್ಷಾರವಾದ್ದರಿಂದ ಅದನ್ನು ತಣಿಸಲು ಸ್ವಲ್ಪ ಹುಳಿ ಬೇಕು. ಹುಳಿ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಕಾಚಂಪುಳಿಯ ಶೀಸೆಯತ್ತ ಕೈ ಹೋಗುತ್ತದೆ. ಹಂದಿ ಕರಿಗೆ ಅದಕ್ಕೆ ಸಾಟಿಯಿಲ್ಲ, ಆದರೆ ಕಾಯಿಸಿ ಗಟ್ಟಿಮಾಡಿದ ಆ ಕಪ್ಪು ರಸ ಹಲಗೆಯ ಮೇಲೆ ಅಂಟಾಗಿ ಉಳಿಯುತ್ತದೆ. ಅಂಗಡಿಯ ಬಿಳಿ ವಿನೆಗರನ್ನು ಹತ್ತಿ ಕಡ್ಡಿಯಲ್ಲಿ ಅದ್ದಿ ಒರೆಸಿ, ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದರೆ ಸಾಕು. ಹೊಸ ಬ್ಯಾಟರಿಯನ್ನು ತಂತಿ ಕೊಟ್ಟು ಹಲಗೆಯಿಂದ ದೂರವೇ ಇಡಬೇಕು.

ಪವರ್ ಸಪ್ಲೈಯನ್ನು ಮತ್ತೆ ನಂಬುವ ಮೊದಲು ಅದನ್ನು ಒಂಟಿಯಾಗಿ ಪರೀಕ್ಷಿಸಬೇಕು. ಈ ಬಗೆಯ ಹಳೆಯ ಪವರ್ ಸಪ್ಲೈಗಳನ್ನು ಲೋಡ್ ಇಲ್ಲದೆ, ಅಂದರೆ ವಿದ್ಯುತ್ ಸೆಳೆಯುವ ಏನನ್ನೂ ಕಟ್ಟದೆ, ಓಡಿಸಬಾರದಾದ್ದರಿಂದ 5 ವೋಲ್ಟಿನ ತಂತಿಗೆ ಕಾರಿನ ಬ್ರೇಕ್ ಬಲ್ಬೊಂದನ್ನು ಕಟ್ಟಿದೆ. ಅದು ಮಂಕಾಗಿ ಕೆಂಪಗೆ ಉರಿಯುತ್ತಿರುವಾಗ ಮಲ್ಟಿಮೀಟರಿನಲ್ಲಿ 5 ಮತ್ತು 12, ಮೈನಸ್ 5 ಮತ್ತು ಮೈನಸ್ 12, ನಾಲ್ಕೂ ಸರಿಯಾಗಿ ಬಂದವು. ಮದರ್‌ಬೋರ್ಡಿಗೆ ಸಿಕ್ಕಿಸುವಾಗ ಇನ್ನೊಂದು ಎಚ್ಚರಿಕೆ. ಅಲ್ಲಿಗೆ ಹೋಗುವ ಎರಡು ಕನೆಕ್ಟರುಗಳು ನೋಡಲು ಒಂದೇ ತೆರನಾಗಿದ್ದು, ಅದಲುಬದಲಾದರೂ ಕೂರುತ್ತವೆ, ಹಾಗೆ ಕೂತರೆ ಚಿಪ್‌ಗಳು ಸುಡುತ್ತವೆ. ಎರಡರ ಕಪ್ಪು ತಂತಿಗಳೂ ಮಧ್ಯದಲ್ಲಿ ಅಕ್ಕಪಕ್ಕ ಬರಬೇಕು.

ಇಷ್ಟಾದರೂ ಪರದೆಯಲ್ಲಿ ಬಂದದ್ದು ಮೆಮೊರಿ ದೋಷದ ಸೂಚನೆ. ಈ ಯಂತ್ರದ 640 ಕಿಲೋಬೈಟ್ ನೆನಪು ಕೂತಿರುವುದು 36 ಚಿಪ್‌ಗಳಲ್ಲಿ. ಒಂಬತ್ತೊಂಬತ್ತರ ನಾಲ್ಕು ಸಾಲು. ಸಾಲಿನಲ್ಲಿ ಎಂಟು ಚಿಪ್ ಮಾಹಿತಿಗೆ, ಒಂಬತ್ತನೆಯದು ತಪ್ಪು ಹಿಡಿಯುವ ಪ್ಯಾರಿಟಿಗೆ. ಮೊದಲ ಎರಡು ಸಾಲುಗಳಲ್ಲಿ 41256, ಉಳಿದೆರಡರಲ್ಲಿ 4164 ಎಂಬ ಸಂಖ್ಯೆಯವು. ನನ್ನಲ್ಲಿ ಕೆಟ್ಟದ್ದು 4164ರ ಸಾಲಿನ ಒಂದು ಚಿಪ್. ಬೆರಳಿಟ್ಟು ನೋಡಿದಾಗ ಉಳಿದವು ಉಗುರುಬೆಚ್ಚಗಿದ್ದರೆ ಅದೊಂದು ಚುರುಕ್ಕೆಂದಿತು.

ಬಿಡಿಭಾಗ ಹುಡುಕುವ ಕೆಲಸದಲ್ಲಿ ನನಗೆ ಅತ್ಯಂತ ಹಿತವಾದದ್ದು ಈ ಸಂಖ್ಯೆಗಳನ್ನು ಓದಲು ಕಲಿತದ್ದು, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂಗಡಿಯವರು 4164 ಇಲ್ಲವೆಂದರೆ ನಿರಾಶರಾಗಬೇಕಿಲ್ಲ. ಹಿಟಾಚಿ ಅದನ್ನೇ 4864 ಎಂದೂ ಫುಜಿತ್ಸು 8264 ಎಂದೂ ಮೈಕ್ರಾನ್ 4264 ಎಂದೂ ಕರೆಯಿತು. ಸಂಖ್ಯೆಯ ಕೊನೆಯ ಅಡ್ಡಗೆರೆಯ ಮುಂದಿನ 15 ಅಥವಾ 20 ಅದರ ವೇಗ, ಅಂದರೆ 150 ಅಥವಾ 200 ನ್ಯಾನೊಸೆಕೆಂಡ್. ಮೊದಲಿದ್ದುದಕ್ಕಿಂತ ಚಿಕ್ಕ ಅಂಕಿ ಆದೀತು, ದೊಡ್ಡದು ಆಗದು. ಅದರ ಕೆಳಗೆ 8634 ಎಂಬಂಥ ಇನ್ನೊಂದು ನಾಲ್ಕಂಕಿ ಇದ್ದರೆ ಅದು 1986ರ 34ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಇಂಥ ಹಳೆಯ ಚಿಪ್ಪಿನ ಮೇಲೆ ತೀರಾ ಈಚಿನ ವರ್ಷವನ್ನು ಮುದ್ರಿಸಿದ್ದರೆ, ಯಾವುದೋ ಚಿಪ್ಪಿನ ಬೆನ್ನು ಉಜ್ಜಿ ಹೊಸ ಹೆಸರು ಬರೆದಿರುವ ಸಾಧ್ಯತೆಯೇ ಹೆಚ್ಚು. ಅಸಿಟೋನ್ ಮುಟ್ಟಿಸಿದ ಹತ್ತಿಗೆ ಕಪ್ಪು ಬಣ್ಣ ಅಂಟಿ ಬಂದರೆ ಅನುಮಾನ ಗಟ್ಟಿಯಾಗುತ್ತದೆ. ಅಂತರಜಾಲದಲ್ಲಿ ತರಿಸಿದ ಹತ್ತರಲ್ಲಿ ನಾಲ್ಕು ನನಗೆ ಹೀಗೆ ಬಂದವು.

ಕೊನೆಗೆ ಸರಿಯಾದದ್ದು ಸಿಕ್ಕಿದ್ದು ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ. ಮಡಿಕೇರಿಯಿಂದ ಮುಂಜಾನೆಯ ಬಸ್ಸು ಹಿಡಿದು ಹೋಗಿ, ಮೆಟ್ಟಿಲಿನ ಕೆಳಗಿನ ಒಂದು ಅಂಗಡಿಯಲ್ಲಿ ಕೇಳಿದಾಗ, ಯಜಮಾನರು ಒಂದು ಮಾತನ್ನೂ ಆಡದೆ ಒಳಗಿನಿಂದ ಒಂದು ಸತ್ತ ಕಾರ್ಡನ್ನು ತಂದು ಮೇಜಿನ ಮೇಲಿಟ್ಟರು. ಅದರ ಸಾಕೆಟ್ಟುಗಳಲ್ಲಿ ಹದಿನೆಂಟು ಚಿಪ್‌ಗಳಿದ್ದವು. ಬಿಡಿ ಚಿಪ್ ಕೇಳಿದವನಿಗೆ ಇಡೀ ಕಾರ್ಡನ್ನು ಕೊಂಡುಕೊಳ್ಳಬೇಕಾಯಿತು, ಆದರೆ ಲೆಕ್ಕ ಹಾಕಿದರೆ ಅದೇ ಅಗ್ಗ. ಇಂಥ ಯಂತ್ರಗಳಿಗೆ ಮೂಲ ಬಿಡಿಭಾಗವೆಂದರೆ ಬಹುಮಟ್ಟಿಗೆ ಇನ್ನೊಂದು ಸತ್ತ ಯಂತ್ರವೇ. ಎಲ್ಲವನ್ನೂ ಅಲ್ಲಿಂದಲೇ ಕೀಳಬೇಕೆಂದೇನೂ ಇಲ್ಲ. 74ಎಲ್‌ಎಸ್ ಸರಣಿಯ ಸಣ್ಣ ಲಾಜಿಕ್ ಚಿಪ್‌ಗಳು ಇಂದಿಗೂ ಹೊಸದಾಗಿಯೇ ಸಿಗುತ್ತವೆ, ಮುಖ್ಯ ಪ್ರೊಸೆಸರಾದ 8088ರ ಜಾಗದಲ್ಲಿ ಎನ್‌ಇಸಿಯ ವಿ20 ನೇರವಾಗಿ ಕೂರುತ್ತದೆ.

ಕೀಬೋರ್ಡಿನದು ಸಣ್ಣ ವಿಷಯ, ಆದರೆ ನನ್ನ ಒಂದು ವಾರ ತಿಂದಿತು. ಆನಂತರದ ಎಟಿ ಮಾದರಿಯ ಕೀಬೋರ್ಡಿನ ಐದು ಪಿನ್ನಿನ ದುಂಡು ಪ್ಲಗ್ ಎಕ್ಸ್‌ಟಿಗೆ ಸಲೀಸಾಗಿ ಹಿಡಿಸುತ್ತದೆ, ಆದರೆ ಎರಡರ ಭಾಷೆ ಬೇರೆಯಾದ್ದರಿಂದ ಒಂದು ಅಕ್ಷರವೂ ಮೂಡುವುದಿಲ್ಲ. ಕೀಬೋರ್ಡನ್ನು ಮಗುಚಿ ನೋಡಿ, ಎಕ್ಸ್ ಮತ್ತು ಎ ಎಂದು ಬರೆದ ಪುಟ್ಟ ಸ್ವಿಚ್ ಇದ್ದರೆ ನಿಮ್ಮ ಅದೃಷ್ಟ.

ಇನ್ನು ಫ್ಲಾಪಿ ಡ್ರೈವು. ಅದರ ಮೋಟಾರು ತಟ್ಟೆಯನ್ನು ನಿಮಿಷಕ್ಕೆ 300 ಸುತ್ತು ತಿರುಗಿಸಬೇಕು. ವೇಗ ಅಳೆಯಲು ಉಪಕರಣವೇನೂ ಬೇಡ, ಡ್ರೈವಿನ ಚಕ್ರದ ಮೇಲೆ ಬಿಸಿಲಿನ ಕಿರಣಗಳಂತೆ ಕಪ್ಪು ಗೆರೆಗಳನ್ನು ಅಚ್ಚು ಮಾಡಿರುತ್ತಾರೆ. 50 ಹರ್ಟ್ಸ್ ವಿದ್ಯುತ್ತಿನ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಆ ಗೆರೆಗಳು ನಿಂತಲ್ಲೇ ನಿಂತಂತೆ ಕಂಡರೆ ವೇಗ ಸರಿ, ಮುಂದಕ್ಕೋ ಹಿಂದಕ್ಕೋ ತೆವಳಿದರೆ ಪಕ್ಕದ ಸಣ್ಣ ತಿರುಪನ್ನು ಹೊಂದಿಸಬೇಕು. ನಾನು ಅರ್ಧ ತಾಸು ನೋಡಿದರೂ ಗೆರೆಗಳು ಬರೀ ಬೂದಿ ಬಣ್ಣದ ಮಸುಕಾಗಿಯೇ ಇದ್ದವು. ಆಮೇಲೆ ತಲೆಯೆತ್ತಿ ನೋಡಿದರೆ ಕೋಣೆಯಲ್ಲಿದ್ದದ್ದು ಎಲ್‌ಇಡಿ ಬಲ್ಬು. ಕೊಟ್ಟಿಗೆಯಿಂದ ಚೋಕ್ ಇರುವ ಹಳೆಯ ಟ್ಯೂಬನ್ನು ತಂದು ಹೊತ್ತಿಸಿದ ಮೇಲೆ ಗೆರೆಗಳು ಒಂದೊಂದಾಗಿ ಬಿಡಿಸಿಕೊಂಡು, ನಿಧಾನವಾಗಿ ಹಿಂದೆ ಸರಿಯುತ್ತಿರುವುದು ಕಂಡಿತು. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಅವು ಗಕ್ಕನೆ ನಿಂತವು.

ಫ್ಲಾಪಿಗಳ ಸ್ಥಿತಿ ಇನ್ನೂ ಶೋಚನೀಯವಾಗಿತ್ತು. ಐದೂಕಾಲು ಅಂಗುಲದ, 360 ಕಿಲೋಬೈಟಿನ ಆ ತಟ್ಟೆಗಳ ಕಿಟಕಿಯಲ್ಲಿ ಬಿಳಿ ಬೂಷ್ಟಿನ ಚುಕ್ಕೆಗಳು ಕಾಣುತ್ತಿದ್ದವು. ಬೂಷ್ಟಿನ ಫ್ಲಾಪಿಯನ್ನು ಹಾಗೆಯೇ ಡ್ರೈವಿಗೆ ಹಾಕಿದರೆ ತಟ್ಟೆ ಗೀರುತ್ತದೆ, ಓದುವ ಹೆಡ್ ಕೊಳೆಯಾಗಿ ಮುಂದೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಕೆಡಿಸುತ್ತದೆ. ಹೊದಿಕೆಯ ಅಂಚನ್ನು ಕತ್ತರಿಸಿ, ತಟ್ಟೆಯನ್ನು ಹೊರತೆಗೆದು, ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಸೋಪು ಬೆರೆಸಿ ಮೃದುವಾಗಿ ತೊಳೆದು, ನೆರಳಿನಲ್ಲಿ ಒಣಗಿಸಿ ಬೇರೊಂದು ಸ್ವಚ್ಛ ಹೊದಿಕೆಯಲ್ಲಿಟ್ಟು ಓದಿಸಬೇಕು. ಇಪ್ಪತ್ತರಲ್ಲಿ ಏಳು ಓದಿಸಿಕೊಂಡವು. ಒಂದರಲ್ಲಿ ಲೋಟಸ್ 1-2-3 ಎಂಬ ಲೆಕ್ಕದ ತಂತ್ರಾಂಶದಲ್ಲಿ ಬರೆದ ತೋಟದ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಮತ್ತು ಕೂಲಿಯ ಪಟ್ಟಿ, ಇತ್ತು, ಹಣ್ಣು ಕೊಯ್ಲಿನ ತಿಂಗಳದ್ದು. ಮಾವನನ್ನು ಕರೆದು ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಮೇಲಿನಿಂದ ಕೆಳಗೆ ನೋಡಿದ ಅವರು, "ಈ ಮೊತ್ತ ಆಗಲೂ ತಾಳೆಯಾಗಲಿಲ್ಲ ಕಣಪ್ಪ, ಆಮೇಲೆ ಪುಸ್ತಕದಲ್ಲಿ ಕೈಯಿಂದ ತಿದ್ದಿದೆ" ಎಂದರು.

20 ಮೆಗಾಬೈಟಿನ ಹಾರ್ಡ್ ಡಿಸ್ಕ್ ಮಾತ್ರ ತಿರುಗಲೇ ಇಲ್ಲ. ಅದರ ಬದಲಿಗೆ ಎಕ್ಸ್‌ಟಿ-ಐಡಿಇ ಎಂಬ ಕಾರ್ಡು ಹಾಕಿ, ಕ್ಯಾಮೆರಾಗಳಲ್ಲಿ ಬಳಸುತ್ತಿದ್ದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಅದಕ್ಕೆ ಜೋಡಿಸಿದ್ದೇನೆ. ಇದು ಮೂಲಕ್ಕೆ ಅಪಚಾರವೆನ್ನುವವರಿದ್ದಾರೆ. ಸತ್ತ ಡಿಸ್ಕನ್ನು ಅದರ ಜಾಗದಲ್ಲಿಯೇ ಬಿಟ್ಟು, ಕೆಲಸವನ್ನು ಮಾತ್ರ ಹೊಸದಕ್ಕೆ ಒಪ್ಪಿಸಿದರೆ ಅಪಚಾರವೇನೂ ಇಲ್ಲವೆಂಬುದು ನನ್ನ ಅಭಿಪ್ರಾಯ. ಮಾನಿಟರಿನ ಒಳಗೆ ಮಾತ್ರ ನಾನು ಕೈ ಹಾಕಲಿಲ್ಲ. ಸ್ವಿಚ್ ತೆಗೆದ ಮೇಲೂ ಅದರ ಚಿತ್ರನಾಳದಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಹಳೆಯ ಟಿ.ವಿ. ರಿಪೇರಿ ಮಾಡಿ ಪಳಗಿದ ಕುಶಾಲನಗರದ ಒಬ್ಬರಿಂದ ಆ ಕೆಲಸ ಮಾಡಿಸಿದೆ.

ಈಗ ಸ್ವಿಚ್ ಹಾಕಿದರೆ ಪರದೆಯಲ್ಲಿ ಕಿತ್ತಳೆ ಅಕ್ಷರಗಳು 640ರವರೆಗೆ ಎಣಿಸಿ, ಒಂದು ಸಣ್ಣ ಬೀಪ್ ಕೇಳಿಸುತ್ತದೆ. ಕಕ್ಕಡ ಮಾಸದ ಮಳೆಗೆ ಮುಂಚೆ ಕಂಬಳಿಯನ್ನು ತೆಗೆದುಹಾಕಿ, ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲಗಳೊಡನೆ ಫ್ಲಾಪಿಗಳನ್ನು ಇಟ್ಟಿದ್ದೇನೆ. ಯಂತ್ರವನ್ನು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸುತ್ತೇನೆ, ಅದರ ಬಿಸಿಯೇ ಅದರ ತೇವವನ್ನು ಕಳೆಯಲಿ ಎಂದು. ಕೀಬೋರ್ಡಿನಲ್ಲಿ ಎಂಟು ಎಂಬ ಅಂಕಿಯ ಕೀಲಿಯ ಮುಚ್ಚಳವೊಂದು ಇನ್ನೂ ಇಲ್ಲ. ಮುಂದಿನ ಸಲ ಎಸ್.ಪಿ. ರಸ್ತೆಗೆ ಹೋದಾಗ ಒಂದು ಸತ್ತ ಕೀಬೋರ್ಡನ್ನು ಹುಡುಕಬೇಕಾಗಿದೆ.

ನಮಸ್ಕಾರ.