ಎಸಿ ಗ್ಯಾಸ್ ಖರ್ಚಾಗುವುದಿಲ್ಲ, ಸೋರುತ್ತದೆ

ಕೇಳುಗರಿಗೆ ನಮಸ್ಕಾರ.

ನಾನು ಕಲಬುರಗಿಯಲ್ಲಿ 26 ವರ್ಷದಿಂದ ಕಾರಿನ ಎಸಿ ರಿಪೇರಿ ಮಾಡುತ್ತಿದ್ದೇನೆ. ಮಾರ್ಚ್ ಬಂತೆಂದರೆ ಅಂಗಡಿ ಮುಂದೆ ಹಳೆ ಕಾರುಗಳ ಸಾಲು. ಬಂದವರೆಲ್ಲ ಹೇಳುವುದು ಒಂದೇ ಮಾತು. "ಗ್ಯಾಸ್ ಖಾಲಿ ಆಗ್ಯದ, ಒಂಚೂರು ಹಾಕಿಬಿಡ್ರಿ." ಈಗ ಕೆಲವರು ಸಣ್ಣ ಕ್ಯಾನ್, ಪೈಪು, ಗೇಜು ತರಿಸಿಕೊಂಡು ಮನೆಯಲ್ಲೇ ತುಂಬುತ್ತಿದ್ದಾರೆ. ನಾನು ಬೇಡ ಅನ್ನುವುದಿಲ್ಲ. ತಮ್ಮ ಕಾರಿನ ಬಾನೆಟ್ಟು ತಾವೇ ಎತ್ತಿ ನೋಡುವವರನ್ನು ಕಂಡರೆ ನನಗೆ ಖುಷಿ. ಆದರೆ ಕ್ಯಾನ್ ಕೈಗೆ ತೆಗೆದುಕೊಳ್ಳುವ ಮೊದಲು ನನ್ನದೊಂದು ಮಾತು ಕೇಳಿ. ಎಸಿ ಗ್ಯಾಸ್ ಪೆಟ್ರೋಲ್ ಅಲ್ಲ. ಓಡಿಸಿದಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ.

ಮಣ್ಣಿನ ಗಡಿಗೆಯಲ್ಲಿ ನೀರು ಹೇಗೆ ತಣ್ಣಗಾಗುತ್ತದೆ? ಹೊರಗೆ ಜಿನುಗಿದ ನೀರು ಆವಿಯಾಗುವಾಗ ಗಡಿಗೆಯ ಶಾಖ ಎಳೆದುಕೊಳ್ಳುತ್ತದೆ. ಕಾರಿನಲ್ಲೂ ಅಷ್ಟೇ. ಡ್ಯಾಶ್‌ಬೋರ್ಡಿನ ಹಿಂದಿನ ಕಾಯಿಲಿನಲ್ಲಿ ದ್ರವ ಆವಿಯಾಗುತ್ತದೆ, ಒಳಗಿನ ಗಾಳಿ ತಣ್ಣಗಾಗುತ್ತದೆ. ಗಡಿಗೆಯ ಆವಿ ಗಾಳಿಗೆ ಹೋಗುತ್ತದೆ. ಕಾರಿನ ಆವಿಯನ್ನು ಎಂಜಿನ್ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಎಂಬ ಪಂಪು ಒತ್ತಿ, ಕಾರಿನ ಮುಂಭಾಗದಲ್ಲಿ ಜಾಲರಿಯಂತಿರುವ ಕಂಡೆನ್ಸರಿಗೆ ಕಳಿಸುತ್ತದೆ, ಅಲ್ಲಿ ಅದು ಮತ್ತೆ ದ್ರವವಾಗುತ್ತದೆ. ಸುತ್ತುವುದು ಅದೇ ಗ್ಯಾಸು. ರಬ್ಬರ್ ಪೈಪು, ಸೀಲುಗಳಿಂದ ವರ್ಷಗಟ್ಟಲೆ ಒಂಚೂರು ಜಿನುಗುವುದು ಬಿಟ್ಟರೆ ಹೊರಗೆ ಹೋಗಲು ಅದಕ್ಕೆ ದಾರಿಯಿಲ್ಲ, ನಾವು ದಾರಿ ಬಿಟ್ಟರೆ ಮಾತ್ರ.

ಒಬ್ಬ ನಿವೃತ್ತ ಮಾಸ್ತರರ ಕಾರಿನ ಕಥೆ ಹೇಳುತ್ತೇನೆ. 2004ರ ಮಾರುತಿ ಝೆನ್. ತೊಳೆದು ಒರೆಸಿ ಮಗುವಿನ ಹಾಗೆ ಇಟ್ಟುಕೊಂಡಿದ್ದರು. ಮೂರು ಬೇಸಿಗೆ ಬೇರೆ ಕಡೆ ಗ್ಯಾಸ್ ಹಾಕಿಸಿದ್ದರು. ಪ್ರತಿ ಸಲ ಎರಡು ತಿಂಗಳು ತಂಪು, ಆಮೇಲೆ ಬಿಸಿಗಾಳಿ. ನಾಲ್ಕನೇ ವರ್ಷ ಅವರ ಮಗ ಕ್ಯಾನ್ ತರಿಸಿ ಮನೆಯಲ್ಲೇ ತುಂಬಿದ. ಬಹಳ ಜೋಪಾನವಾಗಿಯೇ ತುಂಬಿದ್ದ, ಅದನ್ನು ಒಪ್ಪಬೇಕು. ಒಳಗೆ ಚಳಿ ಹತ್ತುವಷ್ಟು ತಂಪಾಯಿತಂತೆ. ಮೇ ತಿಂಗಳಲ್ಲಿ ಮದುವೆಗೆಂದು ಮನೆಮಂದಿ ಎಲ್ಲ ವಿಜಯಪುರಕ್ಕೆ ಹೊರಟರು. ಜೇವರ್ಗಿ ದಾಟುವಾಗ ಗಾಳಿಯ ತಂಪು ಇಳಿಯಿತು. ಸಿಂದಗಿ ಹತ್ತಿರ ಬೆಲ್ಟು ಕಿರುಚಿತು, ಸುಟ್ಟ ವಾಸನೆ ಬಂತು. ಕಂಪ್ರೆಸರ್ ಜಾಮ್. ಮಧ್ಯಾಹ್ನದ ಆ ಬಿಸಿಲಲ್ಲಿ ಮಾಸ್ತರರ ಹೆಂಡತಿ ರಸ್ತೆ ಬದಿಯ ಬೇವಿನ ಮರದ ಕೆಳಗೆ ಎರಡು ತಾಸು ಕೂತಿದ್ದರು.

ಕಾರು ನನ್ನ ಹತ್ತಿರ ಬಂತು. "ಗ್ಯಾಸ್ ತುಂಬಿದ್ದೆವಲ್ಲಪಾ, ಕಂಪ್ರೆಸರ್ ಯಾಕ ಹೋತು?" ಅಂತ ಮಾಸ್ತರು ಕೇಳಿದರು. "ಗ್ಯಾಸ್ ಒಂದೇ ಸೋರುವುದಿಲ್ಲ, ಸರ್" ಅಂದೆ. ಜೊತೆಗೆ ಕಂಪ್ರೆಸರಿನ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ. ನಾಲ್ಕು ವರ್ಷ ಗ್ಯಾಸ್ ಹಾಕಿದರು, ಎಣ್ಣೆ ಯಾರೂ ಹಾಕಲಿಲ್ಲ.

ಸೋರಿಕೆ ಎಲ್ಲಿತ್ತು ಗೊತ್ತಾ? ಗ್ಯಾಸ್ ತುಂಬುವ ಬಾಯಲ್ಲೇ! ಅಲ್ಲಿ ಟೈರಿನಲ್ಲಿ ಇರುವಂಥದೇ ಒಂದು ವಾಲ್ವ್ ಪಿನ್ನು ಇರುತ್ತದೆ. ಅದರ ಮುಚ್ಚಳ ಎಂದೋ ಕಳೆದುಹೋಗಿತ್ತು. ಪಿನ್ನು ಸವೆದಿತ್ತು, ಧೂಳು ಸೇರಿತ್ತು. ಸುತ್ತ ಎಣ್ಣೆಯ ಜಿಡ್ಡು, ಜಿಡ್ಡಿಗೆ ಕರಿ ಮಣ್ಣು ಅಂಟಿತ್ತು. ಬೆರಳಿಟ್ಟು ನೋಡಿದ್ದರೆ ಮೊದಲ ವರ್ಷವೇ ತಿಳಿಯುತ್ತಿತ್ತು. ಚಹಾ ಕುಡಿಯುವ ದುಡ್ಡಿನಲ್ಲಿ ಮುಗಿಯುವ ಕೆಲಸ ಕಂಪ್ರೆಸರ್ ತನಕ ಹೋಯಿತು. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಹೇಳುತ್ತೇನೆ, ಮೊದಲು ಸೋರಿಕೆ ಹುಡುಕಿ. ಪೈಪಿನ ಜೋಡಣೆಗಳಲ್ಲಿ, ಕಂಡೆನ್ಸರಿನ ಮೂಲೆಗಳಲ್ಲಿ, ಕಂಪ್ರೆಸರಿನ ಮೂತಿಯಲ್ಲಿ ಜಿಡ್ಡು ಹಿಡಿದ ಮಣ್ಣು ಇದೆಯಾ ನೋಡಿ. ಆಮೇಲೆ ಸೋಪಿನ ನೀರು ಹಚ್ಚಿ. ಎಂಜಿನ್ ಆಫ್ ಮಾಡಿಯೇ ಹಚ್ಚಬೇಕು. ಒಳಗೆ ಗ್ಯಾಸ್ ಉಳಿದಿದ್ದರೆ ನಿಂತ ಕಾರಿನಲ್ಲಿ ಕಂಪ್ರೆಸರಿನ ಎರಡೂ ಕಡೆ ಒತ್ತಡ ಸಮನಾಗುತ್ತದೆ. ನಮ್ಮ ಬಿಸಿಲಿಗೆ ಅದು ಟೈರಿನ ಗಾಳಿಗಿಂತ ಮೂರು ನಾಲ್ಕು ಪಟ್ಟು ಇರುತ್ತದೆ. ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ. ಸೋರಿಕೆ ಸಿಕ್ಕಿತಾ, ಅದನ್ನು ಸರಿಮಾಡಿಸಿ. ಕ್ಯಾನ್ ಆಮೇಲೆ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ.

ನಿಮ್ಮ ಕಾರಿಗೆ ಯಾವ ಗ್ಯಾಸ್ ಅಂತ ಬಾನೆಟ್ಟಿನ ಕೆಳಗಿನ ಸ್ಟಿಕರ್ ಓದಿ. ಬಹಳ ಹಳೆಯ ಕಾರುಗಳಲ್ಲಿ ಆರ್-12 ಎಂಬ ಗ್ಯಾಸ್ ಇರುತ್ತಿತ್ತು. ಅದು ಓಝೋನ್ ಪದರ ತಿನ್ನುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ನಿಲ್ಲಿಸಿದರು. ಆಮೇಲೆ ಬಂದದ್ದು ಆರ್-134ಎ. ಎರಡಕ್ಕೂ ಎಣ್ಣೆ ಬೇರೆ ಬೇರೆ. ಆರ್-12 ಕಾರಿಗೆ ಸುಮ್ನೆ ಆರ್-134ಎ ಕ್ಯಾನ್ ಚುಚ್ಚಬೇಡಿ. ಅಗ್ಗಕ್ಕೆ ಸಿಗುತ್ತದೆ ಅಂತ ಅಡುಗೆ ಗ್ಯಾಸಿನಂಥದ್ದನ್ನು ಖಂಡಿತ ಹಾಕಬೇಡಿ. ಅದು ಬೆಂಕಿ.

ಒಳಗೆ ಗ್ಯಾಸ್ ಪೂರ್ತಿ ಖಾಲಿಯಾಗಿದ್ದರೆ ಮನೆಯಲ್ಲಿ ತುಂಬಲೇಬೇಡಿ. ಗಾಳಿ, ತೇವ ಸೇರಿರುತ್ತದೆ. ವ್ಯಾಕ್ಯೂಮ್ ಪಂಪಿನಿಂದ ಅರ್ಧ ತಾಸಾದರೂ ಎಳೆಯಬೇಕು. ಅದು ಅಂಗಡಿಯ ಕೆಲಸ.

ಸ್ವಲ್ಪ ಮಾತ್ರ ಕಡಿಮೆ ಇದ್ದರೆ, ಕಾರನ್ನು ಬಯಲಲ್ಲಿ ನಿಲ್ಲಿಸಿ. ಕನ್ನಡಕ, ಕೈಗವಸು ಬೇಕೇ ಬೇಕು. ಆರ್-134ಎ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ, ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ. ಎಂಜಿನ್ ಚಾಲೂ ಮಾಡಿ, ಎಸಿ ಮತ್ತು ಬ್ಲೋವರ್ ಫುಲ್ ಇಡಿ. ದಪ್ಪ ಪೈಪಿನ ಮೇಲೆ ಎಲ್ ಅಕ್ಷರದ ಮುಚ್ಚಳ ಇರುತ್ತದೆ, ಅದು ಕಡಿಮೆ ಒತ್ತಡದ ಕಡೆ. ಕ್ಯಾನಿನ ಪೈಪು ಅಲ್ಲಿಗೇ ಹಾಕಬೇಕು. ಎಚ್ ಬರೆದದ್ದು ಜಾಸ್ತಿ ಒತ್ತಡದ ಕಡೆ, ಅಲ್ಲಿ ಕ್ಯಾನ್ ಜೋಡಿಸಿದರೆ ಕ್ಯಾನೇ ಸಿಡಿಯಬಹುದು. ಕ್ಯಾನ್ ನೆಟ್ಟಗೆ ಹಿಡಿಯಿರಿ, ತಲೆಕೆಳಗೆ ಮಾಡಿದರೆ ದ್ರವ ನುಗ್ಗಿ ಕಂಪ್ರೆಸರ್ ಒಡೆಯಬಹುದು. ಬೆಂಕಿಗೆ ಹಿಡಿದು ಬಿಸಿ ಮಾಡಬೇಡಿ.

ಸಣ್ಣ ಕಾರಿಗೆ ಬೇಕಾಗುವುದೇ ಒಟ್ಟು ಅರ್ಧ ಕೆಜಿ ಹತ್ತಿರ. ಹಾಗಾಗಿ ಪೂರ್ತಿ ಕ್ಯಾನ್ ಸುರಿಯಬೇಡಿ. ಸ್ವಲ್ಪ ಬಿಡಿ, ನಿಲ್ಲಿಸಿ, ಗೇಜು ನೋಡಿ. ಕಂಪ್ರೆಸರ್ ಓಡುವಾಗ ಮುಳ್ಳು 30ರಿಂದ 40 ಪಿಎಸ್‌ಐ ನಡುವೆ ಬಂತು, ಗಾಳಿ ತಂಪಾಯಿತು ಅಂದರೆ ಸಾಕು. ಜಾಸ್ತಿ ತುಂಬಿದರೆ ತಂಪು ಜಾಸ್ತಿಯಾಗುವುದಿಲ್ಲ, ಕಡಿಮೆಯಾಗುತ್ತದೆ.

ಪೈಪು ಬಿಚ್ಚಿದ ಮೇಲೆ ಆ ಬಾಯಿಗೂ ಒಮ್ಮೆ ಸೋಪಿನ ನೀರು ಹಚ್ಚಿ ನೋಡಿ. ಒರೆಸಿ, ಮುಚ್ಚಳ ಹಾಕಿ ಗಟ್ಟಿಯಾಗಿ ತಿರುಗಿಸಿ. ಮುಚ್ಚಳ ಇಲ್ಲದಿದ್ದರೆ ಇವತ್ತೇ ಒಂದು ಕೊಂಡುಕೊಳ್ಳಿ.

ನಮಸ್ಕಾರ.