ಹಲಗೆ ಮೇಲೆ ಉಲ್ಟಾ ಹಂಪಿ

ಈ ಆನೆ ನೋಡಿ. ವಿಟ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ನಿಂತಿದೆಯಲ್ಲ, ಅದೇ. ನನ್ನ ಫೋಟೋದಲ್ಲಿ ಎಡಕ್ಕೆ ಮುಖ ಮಾಡಿದೆ. ಮರದ ಹಲಗೆ ಕೆತ್ತಿ ಅಚ್ಚು ಹಾಕಿದ ಕಾಗದದಲ್ಲಿ? ಬಲಕ್ಕೆ. ಮೂರು ದಿನ ಕೂತು ಕೆತ್ತಿದ್ದು! ಮರದ ಅಚ್ಚಿನಲ್ಲಿ ಎಲ್ಲಾ ಉಲ್ಟಾ ಬರುತ್ತದೆ ಅಂತ ಗೊತ್ತಿದ್ದೂ ಟ್ರೇಸಿಂಗ್ ಪೇಪರ್ ಮಗುಚಿ ಹಾಕುವುದನ್ನು ಮರೆತೆ.

ಹಾಗೆ ನೋಡಿದರೆ ಆ ಆನೆಗಳೂ ಅಲ್ಲಿಯವಲ್ಲ. ಮೊದಲು ಕುದುರೆಗಳಿದ್ದವು. ಆನೆಯ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲದ ಗುರುತು ಇನ್ನೂ ಇವೆ. ರಥದ ಮೇಲೆ ಇಟ್ಟಿಗೆಯ ಗೋಪುರವೂ ಇತ್ತು. 1856ರಲ್ಲಿ ಗ್ರೀನ್‌ಲಾ ಅನ್ನೋ ಬ್ರಿಟಿಷ್ ಸೇನಾಧಿಕಾರಿ ತೆಗೆದ ಫೋಟೋದಲ್ಲಿ ಕಾಣುತ್ತದೆ. ಅದನ್ನೂ ಸೇರಿಸೋಣ ಅಂದುಕೊಂಡೆ. ಬೇಡ, ನಾನು ಕಂಡಷ್ಟೇ ಸಾಕು.

ಇದು ಎರಡನೇ ಹಲಗೆ. ಸಾಮಾನ್ಯ ಪ್ಲೈವುಡ್. ಬಿಳಿ ಬೇಕಾದ ಕಡೆಯೆಲ್ಲ ಉಳಿಯಿಂದ ಕೆತ್ತಿ ತೆಗೆಯಬೇಕು. ಉಬ್ಬಿ ನಿಂತದ್ದಕ್ಕೆ ಮಾತ್ರ ಶಾಯಿ ಹತ್ತುತ್ತದೆ. ಹಜಾರರಾಮ ದೇವಸ್ಥಾನದ ಹೊರಗೋಡೆ ನೋಡಿದ್ದೀರಾ? ಕೆಳಗೆ ಆನೆಗಳ ಸಾಲು, ಮೇಲೆ ಕುದುರೆ, ಸೈನಿಕರು, ಕುಣಿಯುವ ಹೆಂಗಸರು. ಅಲ್ಲಿನ ಶಿಲ್ಪಿ ಮಾಡಿದ್ದೂ ಇದನ್ನೇ ಅಲ್ವಾ? ಸುತ್ತಲಿನ ಕಲ್ಲು ತೆಗೆದ, ಆನೆಯನ್ನು ಬಿಟ್ಟ. ಆ ಗೋಡೆಗೆ ಶಾಯಿ ಬಳಿದು ಕಾಗದ ಒತ್ತಿದರೆ ಇಡೀ ಮೆರವಣಿಗೆ ವಾಪಸ್ ಹೊರಟುಬಿಡುತ್ತದೆ! ಸುಮ್ನೆ ಹೇಳಿದೆ, ದಯವಿಟ್ಟು ಯಾರೂ ಹೋಗಿ ಮಾಡಬೇಡಿ.

ಆದರೆ ಕಲ್ಲಿನ ಆನೆಯ ಹೊಟ್ಟೆ ದುಂಡಗೆ ಕಾಣುವುದು ಬಿಸಿಲು, ನೆರಳಿನಿಂದ. ನನ್ನದು ಬರೀ ಶಾಯಿ, ಎಲ್ಲಾ ಒಂದೇ ಮಟ್ಟ. ಅದಕ್ಕೇ ಸಣ್ಣ ಉಳಿಯಲ್ಲಿ ಹೊಟ್ಟೆಯ ಸುತ್ತ ಹೀಗೆ ಬಾಗಿದ ಗೆರೆ ಎಳೆಯಬೇಕು. ಕರಕರ ಸದ್ದು ಕೇಳಿಸಿತಾ? ಮರದ ಎಳೆಗೆ ಅಡ್ಡ ಹೋದರೆ ಚಕ್ಕೆ ಏಳುತ್ತದೆ. ಅಯ್ಯೋ, ಎದ್ದೇಬಿಟ್ಟಿತು. ಕಿವಿಯ ತುದಿ ಹೋಯಿತು. ಇರಲಿ ಬಿಡಿ, ಹಂಪಿಯಲ್ಲಿ ಮುಕ್ಕಾಗದ ಆನೆ ಎಷ್ಟಿವೆ!

ಹಿಂದಿನ ಬಂಡೆಗಳಿಗೆ ಉಳಿಯನ್ನೇ ಮುಟ್ಟಿಸಿಲ್ಲ. ತಂತಿ ಬ್ರಷ್‌ನಲ್ಲಿ ಜೋರಾಗಿ ಉಜ್ಜಿದೆ, ಮರದ ಎಳೆ ಎದ್ದು ನಿಂತಿತು. ಈಗ ರೋಲರ್‌ನಲ್ಲಿ ಶಾಯಿ, ಮೇಲೆ ತೆಳು ಕಾಗದ, ಚಮಚದ ಬೆನ್ನಿನಿಂದ ಉಜ್ಜು. ನಿಧಾನಕ್ಕೆ ಎತ್ತೋಣ... ಆನೆ ಎಡಕ್ಕೇ ಇದೆ!

ಮುಂದಿನದು ವಿರೂಪಾಕ್ಷ ದೇವಸ್ಥಾನದ ಒಳಗಿನದು. ಸಣ್ಣ ಕಿಂಡಿಯಿಂದ ಬೆಳಕು ಬಂದು ಒಂಬತ್ತು ಅಂತಸ್ತಿನ ಗೋಪುರದ ನೆರಳು ಗೋಡೆ ಮೇಲೆ ತಲೆಕೆಳಗಾಗಿ ಬೀಳುತ್ತದಲ್ಲ, ಅದು. ಕಿಂಡಿ ಮೇಲೆ ಕೆಳಗೆ ಮಾತ್ರ ಅಲ್ಲ, ಎಡ ಬಲವನ್ನೂ ಅದಲು ಬದಲು ಮಾಡಿರುತ್ತದೆ. ಅದರ ಮೇಲೆ ನನ್ನ ಅಚ್ಚಿನದು ಇನ್ನೊಂದು ತಿರುವು. ಬೆಳಿಗ್ಗೆಯಿಂದ ಟ್ರೇಸಿಂಗ್ ಪೇಪರ್ ತಿರುಗಿಸುತ್ತಾ ಕೂತಿದ್ದೇನೆ. ಈ ಸಲ ಜಾಣತನ ಮಾಡಿ ಹಲಗೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ‘ಎಡ’ ಅಂತ ಬರೆದಿಟ್ಟೆ. ಯಾವುದರ ಎಡ ಅಂತ ಬರೆದಿಲ್ಲ.